ಹದಿನಾಲ್ಕು ಮಿಲಿಮೀಟರು

ಬಾಂದೋಡೆಯ ಗುಡ್ಡದಿಂದ ಕ್ಲೆಮೆಂತಿನಾ
ಮೀನಿನ ಚೀಲದಲ್ಲಿ ತಂದ ಗೇರೆಲೆ.
ಎರಡೆರಡು ಸಲ ತೊಳೆದು, ಕತ್ತರಿಸಿ, ಕುದಿಸಿ, ಸೋಸಿದೆ.
ಕಷಾಯದ ಘಾಟಿಗೆ ಫೋಂಡಾದ ಲ್ಯಾಬು
ಒಂದು ಗಳಿಗೆ ಬಾಣಂತಿ ಕೋಣೆ.

ನೀರಿನಂಥ ಸಿಲ್ವರ್ ನೈಟ್ರೇಟಿಗೆ
ಹನಿಹನಿಯಾಗಿ ಬಿಟ್ಟೆ.
ಮೊದಲು ಏನೂ ಇಲ್ಲ.
ಆಮೇಲೆ ಹಳದಿ. ಊಟ ಮುಗಿಸಿ ಬರುವಷ್ಟರಲ್ಲಿ
ಹಾಲು ಹಾಕದ ಚಹಾ.
ಬೆಳ್ಳಿಯೆಲ್ಲ ಬೆಳ್ಳಗಿರುವುದಿಲ್ಲ.

ಮರುದಿನ ತಟ್ಟೆಯನ್ನು
ಮುಚ್ಚಳ ತೆಗೆಯದೆ ಕಿಟಕಿಗೆ ಹಿಡಿದೆ:
ಗಾಜಿಗೆ ಉಸಿರು ಕವಿದಂತೆ ಬ್ಯಾಕ್ಟೀರಿಯಾ,
ನಡುವೆ ಒಂದು ಬಿಲ್ಲೆ,
ಬಿಲ್ಲೆಯ ಸುತ್ತ ಯಾರೂ ಇಲ್ಲದ ಉಂಗುರ.

“ಫೆನಿ ಕುಡಿದವನು ಬಸ್ಸು ಹತ್ತಿದರೆ ಹೀಗೇ,”
ಕ್ಲೆಮೆಂತಿನಾ ನಕ್ಕಳು,
“ಸುತ್ತಲ ಸೀಟೆಲ್ಲ ಖಾಲಿ.”

ಸ್ಕೇಲಿಟ್ಟು ಅಳೆದೆ: ಹದಿನಾಲ್ಕು.
ಪಕ್ಕದ್ದು, ಬರೀ ಕಷಾಯದ ಬಿಲ್ಲೆ: ಸೊನ್ನೆ.
ಬರೆದುಕೊಳ್ಳುತ್ತಿದ್ದೆ. ಅವಳು ಎಡಗಾಲ ಚಪ್ಪಲಿ ಬಿಟ್ಟು,
ಬಟ್ಟೆ ಸುತ್ತಿದ ಹಿಮ್ಮಡಿ ತೋರಿಸಿ
“ಇದಕ್ಕೆ?” ಎಂದಳು.
ಸಕ್ಕರೆ ಕಾಯಿಲೆಯ ಹುಣ್ಣು, ಮೂರು ತಿಂಗಳದ್ದು.

ಈ ತಟ್ಟೆಯಿಂದ ಆ ಹಿಮ್ಮಡಿಗೆ
ಎಷ್ಟು ವರ್ಷ, ನನ್ನ ಸ್ಕೇಲಿನಲ್ಲಿ ಗೀಟಿಲ್ಲ.
“ಡಾಕ್ಟರಿಗೆ ತೋರಿಸು,” ಅಂದೆ.
ಬೆಳ್ಳಿ ತಾಗಿ ಕಪ್ಪಾದ ಬೆರಳನ್ನು,
ಓಟು ಹಾಕಿ ಬಂದವರದರಂಥದ್ದನ್ನು,
ಕೋಟಿನ ಜೇಬಿಗೆ ಹಾಕಿಕೊಂಡೆ.
ಅವಳು ಬೀಕರು ತೊಳೆಯಲು ಹೋದಳು.