ಎಡಚ ನಟ್ಟು

ಕೋರಿಸ್ ಕಣಿವೆಯ ಕುರಿದೊಡ್ಡಿಯೊಂದರಲ್ಲಿ
ಒಣಹುಲ್ಲಿನ ಸಿವುಡುಗಳಡಿ
ಮೂವತ್ತು ಚಳಿಗಾಲ ಮಲಗಿದ್ದ ಬಿಎಸ್‌ಎ,
ನಲವತ್ತೇಳನೆಯ ಇಸವಿಯದು.
ಸೈಲೆನ್ಸರಿನೊಳಗೆ ಇಲಿಯ ಬಾಣಂತಿಕೋಣೆ,
ಸೀಟಿನಡಿ ಟಗರು ಮಾರಿದ ರಸೀತಿ.
ಕಿಕ್ಕರಿನ ಮೇಲೆ ಇಡೀ ನಾನೇ ಹತ್ತಿ ನಿಂತೆ.
ಹೂಂ ಅನ್ನಲಿಲ್ಲ,
ಊಹೂಂ ಅನ್ನಲೂ ಇಲ್ಲ.

ನಾನು ನೆಸ್ಟ್, ರಾತ್ರಿಪಾಳಿಯ ನರ್ಸು.
ಗಾಯಕ್ಕೆ ಒಣಗಿ ಅಂಟಿದ ಬಟ್ಟೆಯನ್ನು
ಎಳೆಯಬಾರದು, ನೆನೆಸಬೇಕು,
ಅಷ್ಟು ಗೊತ್ತು.
ಅರ್ಧ ಗೇರ್ ಎಣ್ಣೆ, ಅರ್ಧ ಅಸಿಟೋನು
ಜಾಮಿನ ಸೀಸೆಯಲ್ಲಿ ಕುಲುಕಿ
ಪ್ಲಗ್ಗಿನ ತೂತಿನಿಂದ ಪಿಸ್ಟನ್ನಿನ ನೆತ್ತಿಗೆ
ದಿನಕ್ಕೆ ಎರಡು ಸಲ,
ಊಟವಾದ ಮೇಲೆ.

ಕಾಯುವುದು ಆಸ್ಪತ್ರೆಯಲ್ಲಿ ಬರುತ್ತದೆ ನನಗೆ,
ಶೆಡ್ಡಿನಲ್ಲಿ ಬರುವುದಿಲ್ಲ.
ಐದನೆಯ ದಿನ ಸಿಲಿಂಡರಿನ ಬುಡದ ನಟ್ಟಿಗೆ ಕೈಹಾಕಿದೆ.
ಟಿಕ್ ಎಂದಿತು.
ನಟ್ಟು ಸಡಿಲಾಗುವ ಸದ್ದೂ
ಸ್ಟಡ್ಡು ಮುರಿಯುವ ಸದ್ದೂ ದಾಯಾದಿಗಳು;
ಕಿವಿಗೆ ಎರಡೂ ಒಂದೇ,
ಹೊಟ್ಟೆಗೆ ಗೊತ್ತಾಗುತ್ತದೆ.

ಆಮೇಲೆ ಹಠ ನನಗೇ ಹತ್ತಿತು.
ಪಕ್ಕದ ಮುಚ್ಚಳ ಬಿಚ್ಚಿ
ಕ್ರ್ಯಾಂಕಿನ ತುದಿಯಲ್ಲಿ ಆಯಿಲ್ ಪಂಪನ್ನು ಆಡಿಸುವ
ಆ ಒಂದು ನಟ್ಟಿನ ಬೆನ್ನುಬಿದ್ದೆ.
ಪಾನಕ್ಕೆ ಮೂರಡಿ ಕೊಳವೆ ಸಿಕ್ಕಿಸಿ ಜೋತುಬಿದ್ದೆ,
ಬ್ಲೋಲ್ಯಾಂಪಿನಿಂದ ಕಾಯಿಸಿದೆ,
ಮೇಣದಬತ್ತಿ ಸವರಿದೆ, ಬೈದೆ,
ವೆಲ್ಷಿನಲ್ಲಿ ಬೈಗುಳ ಸಾಲದೆ ಇಂಗ್ಲಿಷಿನಲ್ಲೂ ಬೈದೆ.
ಉಡದ ಪಟ್ಟು. ಜಗ್ಗಲಿಲ್ಲ.
ಒಂದು ವಾರ ಅಂಗೈಯಲ್ಲಿ ಬೊಬ್ಬೆ ಹೊತ್ತುಕೊಂಡೇ
ರೋಗಿಗಳ ನಾಡಿ ಹಿಡಿದೆ.

ಭಾನುವಾರ ಗೆಥಿನ್ ಪುವ್ ಬಂದ,
ಹೋದ ಬೇಸಗೆಯಲ್ಲಿ ಒಯ್ದ ಏಣಿ ಹಿಂದಿರುಗಿಸಲು.
ಸ್ಲೇಟು ಗಣಿಯಲ್ಲಿ ನಲವತ್ತು ವರ್ಷ ಫಿಟ್ಟರ್,
ಕಿವಿಯೊಂದು ಅಲ್ಲೇ ಉಳಿದಿದೆ.
ಇಂಜಿನ್ನನ್ನು ನೋಡಿದ, ಕೊಳವೆಯನ್ನು ನೋಡಿದ,
ನನ್ನ ಅಂಗೈ ನೋಡಿದ.
ಏಣಿ ಹೆಗಲ ಮೇಲೆಯೇ ಇತ್ತು.

"ಬಿಚ್ಚುತ್ತಿದ್ದೀಯಾ, ಬಿಗಿಯುತ್ತಿದ್ದೀಯಾ?"

ಎಡಚ ತಿರುಪು ಅದು.
ಗಡಿಯಾರದ ಮುಳ್ಳಿನ ಸಂಗಡ ನಡೆದರಷ್ಟೇ
ಬಿಟ್ಟುಕೊಡುವ ಜಾತಿ.
ಒಂದು ವಾರ ನನ್ನ ಬಲವನ್ನೆಲ್ಲ ಕುಡಿದು
ಇನ್ನಷ್ಟು ಬಿಗಿದುಕೊಂಡು ಕೂತಿತ್ತು,
ತಪ್ಪು ಅದರದಲ್ಲ.

"ಪಿಸ್ಟನ್ನು ಹಿಡಿದುಕೊಂಡಿರುವುದು ಒಳ್ಳೆಯದೇ ಆಯಿತು" ಎಂದ,
"ಕ್ರ್ಯಾಂಕು ಸುತ್ತುವುದಿಲ್ಲ.
ಬಿಡದ ಒಂದರ ಆಸರೆಯಲ್ಲಿ
ಇನ್ನೊಂದನ್ನು ಬಿಡಿಸಿಕೊ."
ಕೊಳವೆಯನ್ನು ಮೂಲೆಗೆಸೆದ.
ಪಾನ ಅವನ ಎಡಗೈಯಲ್ಲಿತ್ತು.
"ಶಾಲೆಯಲ್ಲಿ ಈ ಕೈಯನ್ನು ಕುರ್ಚಿಗೆ ಕಟ್ಟುತ್ತಿದ್ದರು,"
ಮಾತಿನ ನಡುವೆ ಮಣಿಕಟ್ಟು ಒಂದಿಷ್ಟೇ ಹೊರಳಿತು,
"ಮೂರು ವರ್ಷ. ಚರ್ಮದ ಪಟ್ಟಿ."
ಕಿರ್ ಎಂದಿತು ನಟ್ಟು.
ನಾನು ಏನು ಹೇಳಬೇಕೆಂದು ಹುಡುಕುವಷ್ಟರಲ್ಲಿ
ಅದನ್ನು ನನ್ನ ಕೈಗೆ ಹಾಕಿ,
"ಏಣಿಯ ಮೂರನೇ ಮೆಟ್ಟಿಲು ಸಡಿಲ, ನೋಡಿಕೊ" ಎಂದು ಹೋದ.

ಹತ್ತೊಂಬತ್ತನೆಯ ಬೆಳಗು.
ವಾರ್ಡಿನಲ್ಲಿ ಕೆಟ್ಟ ರಾತ್ರಿ ಕಳೆದು ಬಂದಿದ್ದೆ,
ಬೂಟು ಕಳಚಲು ಬಗ್ಗಿ
ಆಧಾರಕ್ಕೆಂದು ಕಿಕ್ಕರಿನ ಮೇಲೆ ಕೈಯೂರಿದೆ.
ಅದು ಕುಸಿಯಿತು.
ಒಂದೇ ಅಂಗುಲ. ಮೆತ್ತಗೆ,
ನಿದ್ದೆಯಲ್ಲಿ ಮಗ್ಗುಲಾದವರಂತೆ.
ಒಳಗೆಲ್ಲೋ ಎಣ್ಣೆ ಲೊಚಗುಟ್ಟಿತು.
ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು,
ಅಲುಗಲು ಹೆದರಿ ಹಾಗೇ ನಿಂತೆ ಎಷ್ಟೋ ಹೊತ್ತು.

ಮುರಿದ ಸ್ಟಡ್ಡು ಮಾತ್ರ ಇನ್ನೂ ಅಲ್ಲೇ,
ತಲೆಯಿಲ್ಲದೆ, ಹಿಡಿತಕ್ಕೆ ಸಿಗದೆ.
ಬುಧವಾರ ಬರುತ್ತಾನಂತೆ ಗೆಥಿನ್.
ಅವನ ಪೆಟ್ಟಿಗೆಯಲ್ಲಿ
ಎಡಕ್ಕೆ ಕೊರೆಯುವ ಬೈರಿಗೆಯೊಂದಿದೆಯಂತೆ,
ಗಣಿ ಮುಚ್ಚಿದ ದಿನ
ಯಾರಿಗೂ ಹೇಳದೆ
ಜೇಬಿಗಿಳಿಸಿ ತಂದದ್ದು.