ಮನೆ ಬ್ಯಾಟರಿ

ಇಂಜಿನ್ನಿನದು ಬೇರೆ, ಮನೆಯದು ಬೇರೆ,
ಅಂದರು ಜೆ.ಸಿ. ರಸ್ತೆಯ ಘೌಸ್ ಸಾಬರು
ಸ್ಟೂಲಿನ ಧೂಳು ಒರೆಸಿ ನನ್ನ ಕೂರಿಸಿ.
ಅದು ಒಂದೇ ಏಟಿಗೆ ಗಾಡಿ ಎಬ್ಬಿಸಿ ಸುಮ್ಮನಾಗುವಂಥದು.
ಇದು ಹಾಗಲ್ಲ. ರಾತ್ರಿಯಿಡೀ
ಚೂರು ಚೂರೇ ಕೊಡುತ್ತಿರಬೇಕು, ಕೇಳಿದವರಿಗೆಲ್ಲ.

ಗಾಡಿ ಹೊರಗಿತ್ತು, ಎರಡು ಚಕ್ರ ಫುಟ್‌ಪಾತಿನ ಮೇಲೆ.
ಹಿಂದೆ ಶಾಲೆಯ ಮಕ್ಕಳನ್ನು ಹೊತ್ತ ಟೆಂಪೋ ಟ್ರಾವೆಲರ್.
ಬಿಳಿ ಎರಡು ಕೋಟ್ ಹೊಡೆಸಿದರೂ
ಬಾಗಿಲ ಸಂದಿಯಲ್ಲಿ ಹಳದಿ ಇಣುಕುತ್ತದೆ.
ಒಳಗೆ ಮಂಚ, ಮಂಚದ ಕೆಳಗೆ ಜೋಡಿ ಬ್ಯಾಟರಿ,
ಮಂಚದ ಮೇಲೆ ಲಾಜರ, ಬಿಸಿಲಿಗೆ ಪೇಪರ್ ಮುಚ್ಚಿಕೊಂಡು.

ಏನೇನು ಓಡಬೇಕು?
ಬಿಲ್ ಬುಕ್ಕಿನ ಬೆನ್ನ ಮೇಲೆ ಪೆನ್ನು ತಯಾರು.
ಫ್ಯಾನು, ಅಂದೆ. ಹನ್ನೆರಡು, ಬರೆದರು.
ಪುಟ್ಟ ಫ್ರಿಜ್ಜು. ಇಪ್ಪತ್ತು.
ಆಮೇಲೆ ಅವರ ಮೂಗಿನ ಮೆಷಿನ್ನು.
ಪೆನ್ನು ನಿಂತಿತು.
ಉಸಿರಿನದು, ಅಂದೆ. ನಿದ್ದೆಯಲ್ಲಿ ನಿಲ್ಲುತ್ತೆ ಅವರಿಗೆ.
ಎಂಟು ಗಂಟೆಗೆ ಇಪ್ಪತ್ನಾಲ್ಕು, ಅಂತ
ಸ್ವಲ್ಪ ದಪ್ಪಗೆ ಬರೆದು ಗೆರೆ ಎಳೆದರು.

ಹೇಳಲಿಲ್ಲ ನಾನು ಮಾಕಳಿ ಬೆಟ್ಟದ ಬುಡದ ಆ ರಾತ್ರಿಯನ್ನು.
ಮೂರು ಗಂಟೆಗೆ ಕೆಂಪು ದೀಪ ಮಿಣಮಿಣ, ಮೆಷಿನ್ನು ಗಪ್‌ಚಿಪ್.
ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ತುತ್ತೂರಿ ಊದಿದ ಎದೆ
ಏರಿತು, ಇಳಿಯಿತು, ನಿಂತಿತು.
ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು
ಕತ್ತಲಲ್ಲಿ ಕೂತು ಎಣಿಸಿದೆ: ಹೋಲ್ಡಾನ್...
ಒಂಬತ್ತು, ಹತ್ತು, ಹನ್ನೊಂದು...
ಗೊರಕ್ಕೆಂದ. ರೈಟ್.
ಮತ್ತೆ ಹೋಲ್ಡಾನ್.
ಬೆಳಗಿನವರೆಗೆ ಎಷ್ಟು ಸ್ಟಾಪು, ಲೆಕ್ಕ ತಪ್ಪಿತು.

ಅಂಗಡಿ ಹುಡುಗ ತಂತಿ ಬಿಚ್ಚಿ ಮೀಟರ್ ಹಿಡಿದ.
ಒಂದು ಹತ್ತೂವರೆ. ಸತ್ತಿದೆ ಮೇಡಂ.
ಇನ್ನೊಂದು ಹನ್ನೆರಡೂವರೆ, ಇನ್ನೂ ಗಟ್ಟಿ.
ಹಾಗಾದರೆ ಒಂದೇ ತಗೊಂಡರೆ ಸಾಕಲ್ಲ?
ಸಾಬರು ಅಡ್ಡಡ್ಡ ತಲೆಯಾಡಿಸಿದರು:
ಹಳೆಯದರ ಪಕ್ಕ ಹೊಸದು ಕಟ್ಟಬಾರದಮ್ಮ,
ಅದನ್ನ ಹೊತ್ತು ಹೊತ್ತು ಇದಕ್ಕೂ ಬೇಗ ಮುಪ್ಪು ಬರುತ್ತೆ.
ಗಾಡಿಯೊಳಗಿಂದ ಪೇಪರ್ ಸರಿಸಿ ಲಾಜರ,
"ಕೇಳಿಸ್ತು" ಅಂದ.

ಸೀಸದ್ದಾದರೆ ಅರ್ಧದ ಕೆಳಗೆ ಇಳಿಸಬೇಡಿ,
ನೀರು ನೋಡ್ತಿರಬೇಕು, ಎತ್ತಲು ಇಬ್ಬರು ಬೇಕು.
ಲಿಥಿಯಂ ಹಗುರ, ತಳದವರೆಗೂ ಕೊಡುತ್ತೆ.
ಬೆಲೆ ಮಾತ್ರ ಬಾಯಲ್ಲಿ ಹೇಳದೆ
ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು.
ಗ್ರಾಚ್ಯುಟಿಯಲ್ಲಿ ಉಳಿದದ್ದರ ಹತ್ತಿರ ಹತ್ತಿರ.
ಓಡುವಾಗ ತುಂಬಿಸಲು ಒಂದು ಚಾರ್ಜರು, ಅದು ಬೇರೆ.
ಸಿಲ್ಕ್ ಬೋರ್ಡಿನಲ್ಲಿ ನಿಂತ ಹೊತ್ತೆಲ್ಲ ತುಂಬುತ್ತಾ? ಅಂದೆ.
ನಿಂತರೆ ಏನು ತುಂಬುತ್ತೆ ಅಮ್ಮ, ಓಡಬೇಕು.

ಹಳೇ ಸೀಸಕ್ಕೆ ಕೆಜಿ ಲೆಕ್ಕ. ತಕ್ಕಡಿಗೆ
ಸತ್ತದ್ದೂ ಬದುಕಿದ್ದೂ ಒಂದೇ ತೂಕ.
ಚಿಲ್ಲರೆಗೆ ಜಗಳವಾಡಿದೆ, ಅಭ್ಯಾಸ.

ರಾತ್ರಿ ಹೊರಮಾವಿನ ಖಾಲಿ ಸೈಟಿನಲ್ಲಿ ಪರೀಕ್ಷೆ.
ಬೀದಿನಾಯಿಯೊಂದು ಚಕ್ರಕ್ಕೆ ಒರಗಿ ಮಲಗಿತ್ತು.
ನಾನು ಮಲಗಲಿಲ್ಲ. ಹೊಸ ಮೀಟರಿನ ಹಸಿರು ಅಂಕಿ
ನೂರು, ತೊಂಬತ್ತೆಂಟು, ತೊಂಬತ್ತೊಂದು;
ಪಕ್ಕದಲ್ಲಿ ಯಾರೋ ಪುರುಸೊತ್ತಿನಲ್ಲಿ
ಸೈಕಲ್ಲಿಗೆ ಗಾಳಿ ಹಿಡಿಯುತ್ತಿರುವ ಸದ್ದು.
ಎರಡಕ್ಕೆ ಎದ್ದು, ಹಳೇ ಚಾಳಿ, ಫ್ರಿಜ್ಜು ಆರಿಸಿದೆ.

ಬೆಳಿಗ್ಗೆ ಎಪ್ಪತ್ತೈದು.
ಹಾಲು ಒಡೆದಿತ್ತು.
ಕರೀ ಕಾಫಿ ಹಿಡಿದು ಲಾಜರ ನನ್ನನ್ನು ಬೈದ,
ಹಾಲಿಗೆ, ಫ್ರಿಜ್ಜಿಗೆ, ಗ್ರಾಚ್ಯುಟಿಗೆ,
ಎಲ್ಲ ಸೇರಿಸಿ, ಒಂದೇ ಉಸಿರಿಗೆ.