ಇತರೆ

ಆಸ್ಪತ್ರೆಗೆ ತಿರುಗುವ ಓಣಿಯ ಮೂಲೆಯಲ್ಲಿ ನನ್ನ ಕಿಟಕಿ,
ಮೇಲೆ ಬೋರ್ಡು: ವಿಶ್ವವಿದ್ಯಾಲಯ, ದೇಣಿಗೆ ವಿಭಾಗ.
ಮಾರ್ಚ್ ಬಂತೆಂದರೆ ಮೂರು ರಸೀದಿ ಪುಸ್ತಕ ಮುಗಿಯುತ್ತವೆ,
ಬೆರಳ ತುದಿಗೆ ಕಾರ್ಬನ್ನಿನ ನೀಲಿ,
ಮನೆಗೆ ಹೋಗಿ ರಾಗಿ ಹಿಟ್ಟು ನಾದಿದರೂ ಬಿಡದ ನೀಲಿ.

ದೊಡ್ಡವರು ಈ ಕಿಟಕಿಗೆ ಬರುವುದಿಲ್ಲ.
ಅವರಿಗೆ ಕುಲಪತಿಗಳ ಕೋಣೆ, ಮೈಸೂರು ಪೇಟ, ಗಂಧದ ಹಾರ,
ಹೊಸ ಕಟ್ಟಡದ ಹಣೆಯಲ್ಲಿ ಕರಿಕಲ್ಲಿನ ಹೆಸರು.
ಇಲ್ಲಿಗೆ ಬರುವವರು ವರ್ಷಕ್ಕೊಮ್ಮೆಯವರು.

ಯದುಗಿರಿಯಮ್ಮ, ಗಣಿತ ಕಲಿಸಿ ನಿವೃತ್ತರಾದವರು,
ಚೆಕ್ಕು ಕೊಡುವ ಮೊದಲು ಲೆಕ್ಕ ಕೇಳುತ್ತಾರೆ:
'ಹೋದ ವರ್ಷದ್ದು ಏನಾಯ್ತು?'
ವಾಚನಾಲಯಕ್ಕೆ ಎರಡು ಫ್ಯಾನು, ಅಂದೆ.
'ತಿರುಗುತ್ತವೆಯೋ?'
ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ನೋಡಿ ಬಂದರು.
'ಒಂದು ಕಿರ್ ಅನ್ನುತ್ತೆ, ಎಣ್ಣೆ ಬಿಡಿಸಿ'
ಎಂದು ಸಹಿ ಹಾಕಿದರು.

ಉದಯಗಿರಿಯ ನೂರ್ ಅಸ್ಮಾ, ಸ್ಕೂಲು ಯೂನಿಫಾರಂ ಹೊಲಿಯುವವರು.
ಮಗಳು ನರ್ಸಿಂಗ್ ಓದಿದ್ದು ಯಾರದೋ ದುಡ್ಡಿನಲ್ಲಿ,
ಆ ಯಾರೋ ಗೊತ್ತಿಲ್ಲದ್ದಕ್ಕೆ
ಯಾರಿಗೋ ಆಗಲಿ ಅಂತ ಐನೂರು.
ವೀಳ್ಯದೆಲೆ ಮಾರುವ ಒಬ್ಬರ ನೋಟು ಒದ್ದೆ,
ಫೈಲಿನ ಮೇಲೆ ಒಣಗಿಸಿ ಬ್ಯಾಂಕಿಗೆ ಕಳಿಸಬೇಕು.

ಮತ್ತೆ, ಚಿಕ್ಕಮಾದಯ್ಯ.
ಅಶೋಕಪುರಂ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು.
ಮುನ್ನೂರ ಅರವತ್ತೈದು ರೂಪಾಯಿ, ದಿನಕ್ಕೊಂದು.
ಫೆಬ್ರವರಿಗೆ ಇಪ್ಪತ್ತೊಂಬತ್ತು ಬಂದ ವರ್ಷ
ಒಂದು ನಾಣ್ಯ ಬೇರೆ, ಕಾಗದದಲ್ಲಿ ಸುತ್ತಿ.
'ಯಾವ ಬಾಬ್ತಿಗೆ ಬರೀಲಿ?' ಅಂದರೆ
'ಬೆಂಚಿಗೆ' ಅಂದರು.

ಹೆಂಡತಿ ನಲವತ್ತೊಂದು ದಿನ ಒಳಗೆ,
ಇವರು ಹೊರಗೆ, ವಾರ್ಡಿನ ಬಾಗಿಲಾಚೆ ಬೆಂಚಿನ ಮೇಲೆ.
'ಅದ್ಯಾರು ಹಾಕ್ಸಿದ್ರೋ ಕಣವ್ವ,
ಕಾಲು ನೀಡೋವಷ್ಟು ಉದ್ದ ಮಾಡ್ಸವ್ರೆ.
ಯಾವತ್ತೋ ಅವರೂ ಕಾಲು ಮಡಚ್ಕೊಂಡು ಮಲಗಿರ್ಬೇಕು.'
ಹೆಂಡತಿ ಏನಾದರೆಂದು ಅವರು ಹೇಳಲಿಲ್ಲ,
ನಾನು ಕೇಳಲಿಲ್ಲ.
ಹೆಸರು ಹುಡುಕಿದೆ. ಗೆದ್ದಲು ತಿಂದ ಖಾತೆಯಲ್ಲಿ ಒಂದೇ ಸಾಲು:
'ಬೆಂಚು, ಆರು. ಇತರೆ ವಾರ್ಷಿಕ ದಾನಿಗಳಿಂದ.'
ಓದಿ ಹೇಳಿದೆ.
'ಇತರೆ' ಅಂದರು ಮೆಲ್ಲಗೆ,
ಗುರುತಿದ್ದ ಮನೆತನದ ಹೆಸರು ಅಂದ ಹಾಗೆ.

ಈ ಸಲ ಮೂವತ್ತೊಂದನೇ ತಾರೀಖು
ನಾಲ್ಕು ಹೊಡೆದರೂ ಅವರಿಲ್ಲ.
ಕಿಟಕಿ ಮುಚ್ಚುವುದನ್ನು ಮೂರು ಸಲ ಮುಂದೂಡಿದೆ,
ಇಲ್ಲದ ಕೂಡುವ ತಪ್ಪುಗಳನ್ನು ತಿದ್ದುತ್ತ ಕೂತೆ.
ಕೊನೆಗೆ ಬಂದವಳು ವಾರ್ಡಿನ ಆಯಾ,
ಕೈಯಲ್ಲಿ ಕರವಸ್ತ್ರದ ಗಂಟು:
'ಹದಿನೇಳನೇ ಬೆಡ್ಡಿನವರು. ನಿಮಗೇ ಕೊಡಬೇಕಂತೆ.'

ನಾನು ರಸ್ತೆ ನೋಡುತ್ತಿದ್ದೆ.
ಅವರು ಎರಡು ಮಹಡಿ ಮೇಲೇ ಇದ್ದರು.

ಎಣಿಸಿದೆ. ಮುನ್ನೂರ ಎಪ್ಪತ್ತೊಂದು.
ಮತ್ತೆ ಎಣಿಸಿದೆ. ಈ ವರ್ಷ ಅಧಿಕ ದಿನವೂ ಇಲ್ಲ.
ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ.

ಬೆಂಚಿನ ಮೇಲೆ ಒಬ್ಬ ಹುಡುಗ, ಮೊಮ್ಮಗನಿರಬೇಕು,
ಚಪ್ಪಲಿ ತಲೆಯಡಿಗೆ, ಕಾಲು ಪೂರಾ ನೀಡಿ,
ಬಾಯಿ ತೆರೆದು ನಿದ್ದೆ.
ಒಳಗೆ ಮುದುಕರ ಮೂಗಿಗೆ ನಳಿಕೆ, ಮಾತಿಲ್ಲ.
ಸೂಜಿ ಚುಚ್ಚಿದ ಕೈಯೆತ್ತಿ ಐದು ಬೆರಳು,
ಈ ಕೈಯಲ್ಲಿ ಇನ್ನೊಂದು,
ಆಮೇಲೆ ಬಾಗಿಲ ಕಡೆಗೆ.
ಆರು ರಾತ್ರಿ.

ಔಷಧಿಯ ಸ್ಟೂಲಿನ ಮೇಲೆ ಪುಸ್ತಕ ಬಿಡಿಸಿ ಬರೆದೆ,
ಹರಿದು ಕೊಟ್ಟೆ, ಅವರು ದಿಂಬಿನಡಿಗೆ ಇಟ್ಟುಕೊಂಡರು.

ಕೆಳಗೆ ಬಂದ ಮೇಲೆ ಗೊತ್ತಾಯಿತು,
ಅವಸರಕ್ಕೆ ಕಾರ್ಬನ್ನು ತಿರುವುಮುರುವಾಗಿದೆ.
ಕಚೇರಿಯ ಪ್ರತಿ ಖಾಲಿ.
ಅವರ ರಸೀದಿಯ ಬೆನ್ನಿಗೆ ಅವರದೇ ಹೆಸರು
ಕನ್ನಡಿಯಲ್ಲಿ ಓದುವ ಹಾಗೆ ಮೂಡಿರಬೇಕು.

ಆಡಿಟರು ಕೇಳುತ್ತಾರೆ.
ಕರೆದುಕೊಂಡು ಹೋಗಿ ಬೆಂಚು ತೋರಿಸುತ್ತೇನೆ,
ಆ ಹೊತ್ತಿಗೆ ಅದರ ಮೇಲೆ
ಯಾರಿರುತ್ತಾರೋ.